ಹೊಲದ ದಾರಿಯಲ್ಲಿ ರೋಮನ್ ಕುರುಹು ಕಂಡರೆ: ಪದೇ ಪದೇ ಕೇಳುವ ಪ್ರಶ್ನೆಗಳು

2020ರ ಲಾಕ್‌ಡೌನ್ ದಿನಗಳು. ಇಂಗ್ಲೆಂಡಿನ ರಟ್‌ಲಂಡ್ ಸೀಮೆಯ ಕೆಟ್ಟನ್ ಊರಿನ ಹತ್ತಿರ ಜಮೀನಿನ ಒಡೆಯರ ಮಗ ಮನೆಯವರ ಜೊತೆ ಹೊಲದಲ್ಲಿ ಅಡ್ಡಾಡುತ್ತಿದ್ದರು. ಗೋಧಿ ಪೈರಿನ ನಡುವೆ ಕೆಲವು ವಿಚಿತ್ರ ಮಡಕೆ ಚೂರುಗಳು ಕಂಡವು. ಮನೆಗೆ ಬಂದು ಉಪಗ್ರಹ ಚಿತ್ರ ತೆಗೆದು ನೋಡಿದರೆ ಅದೇ ಜಾಗದಲ್ಲಿ ಪೈರಿನ ಬಣ್ಣ ಗೆರೆ ಎಳೆದ ಹಾಗೆ ಬದಲಾಗಿತ್ತು. ಅವರು ಅಗೆಯಲು ಹೋಗದೆ ಕೌಂಟಿ (ಜಿಲ್ಲೆಯಂಥ ಸೀಮೆ) ಕೌನ್ಸಿಲ್‌ನ ಪುರಾತತ್ತ್ವ ವಿಭಾಗಕ್ಕೆ ತಿಳಿಸಿದರು. ಲೆಸ್ಟರ್ ವಿಶ್ವವಿದ್ಯಾಲಯದ ತಂಡ ಬಂದು ತೆರೆದಾಗ ಸಿಕ್ಕಿದ್ದು 11 ಮೀಟರ್ ಉದ್ದ, ಸುಮಾರು 7 ಮೀಟರ್ ಅಗಲದ ಮೊಸಾಯಿಕ್ ನೆಲ. ಅದರ ಮೇಲೆ ಗ್ರೀಕ್ ಪುರಾಣದ ಟ್ರಾಯ್ ಯುದ್ಧದ ವೀರರಾದ ಅಕಿಲೀಸ್ ಮತ್ತು ಹೆಕ್ಟರ್ ಕಥೆ. ಬ್ರಿಟನ್ನಿನಲ್ಲಿ ಆವರೆಗೆ ಅಂಥದ್ದು ಸಿಕ್ಕಿರಲಿಲ್ಲ.

ಓದಿಗೆ, ಕೆಲಸಕ್ಕೆ, ಮಕ್ಕಳ ಮನೆಗೆ ಎಂದು ಬ್ರಿಟನ್ನಿಗೆ ಹೋಗುವ ಕನ್ನಡಿಗರಲ್ಲಿ ವಾರಾಂತ್ಯಕ್ಕೆ ಹಳ್ಳಿಗಾಡಿನಲ್ಲಿ ನಡೆಯುವವರು ಬಹಳ. ರೋಮನ್ನರು ಕ್ರಿ.ಶ. 43ರಿಂದ ಸುಮಾರು 410ರವರೆಗೆ ಆಳಿದ ನೆಲ ಅದು. ಮಳೆ, ನೇಗಿಲು, ಬಿಲ ತೋಡುವ ಪ್ರಾಣಿಗಳು ಏನಾದರೊಂದನ್ನು ಮೇಲೆ ತರುತ್ತಲೇ ಇರುತ್ತವೆ. ಕೆಳಗಿನ ಉತ್ತರಗಳು ಮುಖ್ಯವಾಗಿ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯ. ಬೇರೆ ಕಡೆಯ ಕಾನೂನು ಬೇರೆಯಾದಲ್ಲಿ ಹಾಗೆಂದೇ ಹೇಳಿದೆ.

ಏನೋ ಕಂಡಿದೆ. ಮೊದಲ ಹತ್ತು ನಿಮಿಷದಲ್ಲಿ ಏನು ಮಾಡಲಿ?

ಮುಟ್ಟಬೇಡಿ. ನಿಂತಲ್ಲೇ ನಿಂತು ಫೋನ್ ತೆಗೆಯಿರಿ.

ಮೊದಲ ಫೋಟೋ ದೂರದಿಂದ ಇರಲಿ. ಗೇಟು, ಒಂಟಿ ಮರ, ವಿದ್ಯುತ್ ಕಂಬ, ಚರ್ಚಿನ ಗೋಪುರ, ಹೀಗೆ ನಾಳೆಯೂ ಅಲ್ಲೇ ಇರುವ ಯಾವುದಾದರೂ ಗುರುತು ಅದರಲ್ಲಿ ಬರಬೇಕು. ಎರಡನೆಯದನ್ನು ಮೂರು ನಾಲ್ಕು ಹೆಜ್ಜೆ ದೂರದಿಂದ, ಸುತ್ತಲಿನ ಮಣ್ಣು ಕಾಣುವಂತೆ ತೆಗೆಯಿರಿ. ಮೂರನೆಯದು ನೇರ ಮೇಲಿನಿಂದ, ಪಕ್ಕದಲ್ಲಿ ಒಂದು ಪೆನ್ನೋ ನಾಣ್ಯವೋ ಇಟ್ಟು. ಅಳತೆಗೆ ಏನೂ ಇಲ್ಲದ ಫೋಟೋ ಅರ್ಧ ಕೆಲಸಕ್ಕೂ ಬರುವುದಿಲ್ಲ, ಏಕೆಂದರೆ ಎರಡು ಸೆಂಟಿಮೀಟರ್‌ನ ಕಲ್ಲೂ ಇಪ್ಪತ್ತು ಸೆಂಟಿಮೀಟರ್‌ನ ಇಟ್ಟಿಗೆಯೂ ಚಿತ್ರದಲ್ಲಿ ಒಂದೇ ತರಹ ಕಾಣಬಹುದು. ನಾಲ್ಕನೆಯದನ್ನು ಪಕ್ಕದಿಂದ ತೆಗೆಯಿರಿ, ಒಡೆದ ಅಂಚು ಕಾಣಲಿ. ಮಡಕೆಯ ಗುರುತು ಹಿಡಿಯುವವರು ಹೊರಮೈಗಿಂತ ಮೊದಲು ನೋಡುವುದು ಆ ಅಂಚಿನ ಮಣ್ಣಿನ ಬಣ್ಣವನ್ನು, ಅದರಲ್ಲಿ ಬೆರೆತ ಮರಳನ್ನು. ಬಿಸಿಲು ನೆತ್ತಿಯ ಮೇಲಿದ್ದರೆ ನಿಮ್ಮ ನೆರಳನ್ನೇ ಅದರ ಮೇಲೆ ಬೀಳಿಸಿ ಇನ್ನೊಂದು ತೆಗೆಯಿರಿ. ಅಕ್ಷರವೋ ಅಚ್ಚೋ ಇದ್ದರೆ ಬದಿಯಿಂದ ಓರೆಯಾಗಿ ಟಾರ್ಚ್ ಹಿಡಿಯಿರಿ, ಗೀಚು ಎದ್ದು ಕಾಣುತ್ತದೆ.

ಆಮೇಲೆ ಜಾಗ. ಬ್ರಿಟನ್ನಿನ ನಕ್ಷೆ ಸಂಸ್ಥೆಯಾದ ಆರ್ಡ್ನೆನ್ಸ್ ಸರ್ವೆಯ ಆಪ್‌ನಲ್ಲಿ ಗ್ರಿಡ್ ಸಂಖ್ಯೆ ಸಿಗುತ್ತದೆ: ಎರಡು ಅಕ್ಷರ, ಮುಂದೆ ಅಂಕಿಗಳು. ಆರು ಅಂಕಿ ಎಂದರೆ 100 ಮೀಟರ್‌ನ ಚೌಕ, ಎಂಟು ಅಂಕಿ ಎಂದರೆ 10 ಮೀಟರ್, ಹತ್ತು ಅಂಕಿ ಎಂದರೆ 1 ಮೀಟರ್. ಬಯಲಿನಲ್ಲಿ ಫೋನಿನ ಜಿಪಿಎಸ್ ಸಾಮಾನ್ಯವಾಗಿ ಐದಾರು ಮೀಟರ್ ಆಚೀಚೆ ಇರುತ್ತದೆ, ಮರಗಳ ಕೆಳಗೆ ಇನ್ನೂ ಕೆಡುತ್ತದೆ. ಹಾಗಾಗಿ ಎಂಟು ಅಂಕಿ ಪ್ರಾಮಾಣಿಕವಾದ ಲೆಕ್ಕ. ಒಂದು ನಿಮಿಷ ಅಲ್ಲೇ ನಿಂತು ಸಂಖ್ಯೆ ಸ್ಥಿರವಾದ ಮೇಲೆ ಬರೆದುಕೊಳ್ಳಿ. ಬಹಳ ಜನ ತಪ್ಪುವುದು ಇಲ್ಲೇ: "ಫೋಟೋದಲ್ಲಿ ಲೊಕೇಶನ್ ಇರುತ್ತದಲ್ಲ" ಎಂದು ನಂಬಿ ಮನೆಗೆ ಬರುತ್ತಾರೆ. ಫೋಟೋವನ್ನು ವಾಟ್ಸಾಪ್‌ನಲ್ಲಿ ಕಳಿಸುವಾಗ ಆ ಮಾಹಿತಿ ಅಳಿಸಿಹೋಗಿರುತ್ತದೆ.

ಸಣ್ಣ ಚೂರು ತಾನೇ, ಎತ್ತಿಕೊಂಡು ಬಂದು ತೋರಿಸಿದರೆ ಏನು ನಷ್ಟ?

ಸಫೋಕ್ ಸೀಮೆಯ ಎರಡು ನಿಧಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ.

1942ರಲ್ಲಿ ಮಿಲ್ಡನ್‌ಹಾಲ್ ಬಳಿ ಉಳುಮೆಯಲ್ಲಿ ನಾಲ್ಕನೆಯ ಶತಮಾನದ ಅಪೂರ್ವ ಬೆಳ್ಳಿ ಪಾತ್ರೆಗಳು ಸಿಕ್ಕವು. ಸಿಕ್ಕವರು ಅವನ್ನು ಮನೆಗೆ ಒಯ್ದರು. ಅಧಿಕಾರಿಗಳಿಗೆ ಗೊತ್ತಾಗುವಾಗ 1946. ಅಷ್ಟರಲ್ಲಿ ಸಿಕ್ಕ ಜಾಗ ಯಾವುದು, ಹೇಗಿತ್ತು, ಜೊತೆಗೆ ಏನಿತ್ತು ಎಂಬುದೆಲ್ಲ ಬಾಯಿಮಾತಾಗಿತ್ತು. ಇದು ನಿಜಕ್ಕೂ ಇಂಗ್ಲೆಂಡಿನ ನೆಲದಲ್ಲೇ ಸಿಕ್ಕಿದ್ದೇ, ಹೊರಗಿನಿಂದ ತಂದದ್ದೇ ಎಂಬ ಅನುಮಾನ ಕೂಡ ಎದ್ದಿತು. ಪಾತ್ರೆಗಳು ಇಂದು ಬ್ರಿಟಿಷ್ ಮ್ಯೂಸಿಯಂನಲ್ಲಿ ಹೊಳೆಯುತ್ತಿವೆ. ಆದರೆ ಅವನ್ನು ಹೂತವರ ಬಗ್ಗೆ ಅವು ಹೇಳಬಹುದಾಗಿದ್ದ ಮಾತು ಹೊಲದಲ್ಲೇ ಉಳಿದುಹೋಯಿತು.

ಇನ್ನೊಂದು ಹಾಕ್ಸ್ನ್. 1992ರ ನವೆಂಬರ್‌ನಲ್ಲಿ ಹೊಲದಲ್ಲಿ ಕಳೆದುಹೋದ ಸುತ್ತಿಗೆಯನ್ನು ಲೋಹಶೋಧಕ ಹಿಡಿದು ಹುಡುಕುತ್ತಿದ್ದವರಿಗೆ ಚಿನ್ನ ಬೆಳ್ಳಿ ಸಿಕ್ಕಿತು. ಸ್ವಲ್ಪ ಎತ್ತಿ, ಇದು ದೊಡ್ಡದು ಎಂದು ತಿಳಿದ ಕೂಡಲೇ ನಿಲ್ಲಿಸಿ ತಿಳಿಸಿದರು. ಪುರಾತತ್ತ್ವಜ್ಞರು ಬಂದು ಉಳಿದದ್ದನ್ನು ಇದ್ದ ಹಾಗೇ ಎತ್ತಿದರು. ಹಾಗಾಗಿ ಸುಮಾರು 15,000 ನಾಣ್ಯಗಳ ಜೊತೆಗೆ ಅವು ಇದ್ದ ಮರದ ಪೆಟ್ಟಿಗೆ, ಅದರೊಳಗಿನ ಚಿಕ್ಕ ಪೆಟ್ಟಿಗೆಗಳ ಪುಟ್ಟ ಬೀಗಗಳು, ಯಾವುದರ ಪಕ್ಕ ಯಾವುದನ್ನು ಜೋಡಿಸಿದ್ದರು ಎಂಬ ವಿವರ, ಎಲ್ಲ ಉಳಿಯಿತು. ಅದರಲ್ಲಿ ಕರಿಮೆಣಸಿನ ಪುಡಿ ಉದುರಿಸುವ ಬೆಳ್ಳಿ ಡಬ್ಬಿಗಳು ನಾಲ್ಕು. ಅಂದಿನ ಮೆಣಸು ಹೋಗುತ್ತಿದ್ದದ್ದು ನಮ್ಮ ಪಶ್ಚಿಮ ಘಟ್ಟದ ಸೀಮೆಯಿಂದ, ಮಲಬಾರಿನ ಬಂದರುಗಳ ಮೂಲಕ.

ವಸ್ತು ಎಲ್ಲಿ, ಯಾವ ಪದರದಲ್ಲಿ, ಯಾವುದರ ಜೊತೆ ಇತ್ತು ಎಂಬುದೇ ಅದರ ಅರ್ಧಕ್ಕಿಂತ ಹೆಚ್ಚು ಬೆಲೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದಾಗ ಇದೇ ತರ್ಕ ಕೆಲಸ ಮಾಡಿತು. ರೋಮನ್ ಬೆಳ್ಳಿ ದಿನಾರಿ ನಾಣ್ಯಕ್ಕೆ ಕಾಲ ಗೊತ್ತು. ಅದು ಸಿಕ್ಕ ಪದರದ ನಮ್ಮ ಮಡಕೆಗಳಿಗೆ ಗೊತ್ತಿರಲಿಲ್ಲ. ಪದರ ಒಂದೇ ಆದದ್ದರಿಂದ ಮಡಕೆಗೂ ಕಾಲ ಸಿಕ್ಕಿತು. ಅದೇ ವೀಲರ್ 1930ರ ದಶಕದಲ್ಲಿ ಇಂಗ್ಲೆಂಡಿನ ರೋಮನ್ ಪಟ್ಟಣ ವೆರುಲೇಮಿಯಮ್ ಅಗೆಸಿದವರು. ಆ ನಾಣ್ಯಗಳನ್ನು ಯಾರಾದರೂ ಮೊದಲೇ ಎತ್ತಿ ಜೇಬಿಗೆ ಹಾಕಿಕೊಂಡಿದ್ದರೆ ನಮ್ಮ ಮಡಕೆಗಳಿಗೆ ಸಾಕ್ಷಿ ಹೇಳಲು ಏನೂ ಇರುತ್ತಿರಲಿಲ್ಲ.

ಇದು ರೋಮನ್ನರದ್ದೇ ಎಂದು ನನಗೆ ಹೇಗೆ ತಿಳಿಯಬೇಕು?

ನಾಣ್ಯ, ಶಿಲ್ಪ ಎಂದು ಹುಡುಕಬೇಡಿ. ಹೆಚ್ಚಾಗಿ ಕಾಣುವುದು ಹೆಂಚು. ರೋಮನ್ ಚಾವಣಿಗೆ ಎರಡು ಬಗೆಯ ಹೆಂಚು ಬೇಕಿತ್ತು. ಒಂದು ಟೆಗುಲಾ: ಚಪ್ಪಟೆ, ದಪ್ಪ, ಎರಡೂ ಉದ್ದದ ಅಂಚುಗಳು ಮೇಲೆದ್ದ ಗೋಡೆಯ ಹಾಗೆ. ಇನ್ನೊಂದು ಇಂಬ್ರೆಕ್ಸ್: ಅರ್ಧ ಕೊಳವೆಯಾಕಾರದ್ದು, ನಮ್ಮ ನಾಡಹೆಂಚನ್ನು ದೊಡ್ಡದು ಮಾಡಿದಂತೆ. ಎರಡು ಟೆಗುಲಾಗಳ ಎದ್ದ ಅಂಚುಗಳು ಸೇರುವಲ್ಲಿ ಇಂಬ್ರೆಕ್ಸ್ ಕವುಚಿ ನೀರು ಇಳಿಯದಂತೆ ಮಾಡುತ್ತಿದ್ದರು. ನಿಮ್ಮ ಕಣ್ಣಿಗೆ ಬಿದ್ದ ಕೆಂಪು ಚೂರಿಗೆ ಚೌಕನೆಯ ಎದ್ದ ಅಂಚು ಇದ್ದರೆ ಅದು ಬಹುಮಟ್ಟಿಗೆ ಟೆಗುಲಾ. ಕಲಿಯಲು ಇದಕ್ಕಿಂತ ಸುಲಭದ ಗುರುತಿಲ್ಲ. ಒಣಗಲು ಇಟ್ಟಾಗ ನಾಯಿ ಬೆಕ್ಕು ತುಳಿದ ಹೆಜ್ಜೆ ಗುರುತು ಇರುವ ಹೆಂಚುಗಳೂ ಅಪರೂಪವಲ್ಲ.

ಒಂದು ಮೈ ಮೇಲೆ ಬಾಚಣಿಗೆ ಎಳೆದಂಥ ಗೀರುಗಳಿರುವ ತೆಳು ಮಣ್ಣಿನ ಹಲಗೆ ಸಿಕ್ಕರೆ ಇನ್ನೂ ಗಮನ ಕೊಡಿ. ಅದು ಗೋಡೆಯೊಳಗೆ ಬಿಸಿ ಗಾಳಿ ಹರಿಸುವ ಪೆಟ್ಟಿಗೆ ಹೆಂಚಿನ ಚೂರು. ಗೀರು ಇರುವುದು ಗಾರೆ ಹಿಡಿದುಕೊಳ್ಳಲಿ ಎಂದು. ಜೊತೆಗೆ ಸುಮಾರು 20 ಸೆಂ.ಮೀ. ಚೌಕದ, ನಾಲ್ಕೈದು ಸೆಂ.ಮೀ. ದಪ್ಪದ ಇಟ್ಟಿಗೆಗಳೂ ಇದ್ದರೆ ಅವು ನೆಲವನ್ನು ಎತ್ತಿ ಹಿಡಿದಿದ್ದ ಗಿಡ್ಡ ಕಂಬಗಳವು. ಕೆಳಗಿನಿಂದ ಬಿಸಿ ಹಾಯಿಸುತ್ತಿದ್ದ ಕೋಣೆ ಅಥವಾ ಸ್ನಾನದ ಮನೆ ಹತ್ತಿರದಲ್ಲೇ ಇತ್ತು ಎಂದು ಅರ್ಥ.

ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಗುಲಾಬಿ ಬಣ್ಣದ ಗಟ್ಟಿ ಗಾರೆ ನಮ್ಮ ಹಳೆ ಮನೆಗಳ ಸುರಕಿ ಗಾರೆಯೇ. ನೀರು ತಾಗುವ ಕಡೆಯೆಲ್ಲ ಅವರು ಅದನ್ನೇ ಬಳಸುತ್ತಿದ್ದರು. ಒಂದರಿಂದ ಮೂರು ಸೆಂ.ಮೀ. ಅಳತೆಯ ಚೌಕ ಕಲ್ಲಿನ ಇಲ್ಲವೆ ಹೆಂಚಿನ ತುಂಡುಗಳು ಮೊಸಾಯಿಕ್ ನೆಲದವು. ದೊಡ್ಡವು ಓಣಿಯ ನೆಲಕ್ಕೆ, ಸಣ್ಣವು ಚಿತ್ರವಿರುವ ಕೋಣೆಗೆ. ಒಂದು ಸಿಕ್ಕರೆ ಏನೂ ಹೇಳಲಾಗದು. ಒಂದೇ ಕಡೆ ಇಪ್ಪತ್ತು ಚೆಲ್ಲಿದ್ದರೆ ನೇಗಿಲು ನೆಲವನ್ನು ಕೆತ್ತುತ್ತಿದೆ ಎಂದು ಅರ್ಥ. ಅದನ್ನು ಅದೇ ವಾರ ತಿಳಿಸಬೇಕು.

ಮಡಕೆಯಲ್ಲಿ ಸುಲಭವಾಗಿ ಗುರುತು ಸಿಗುವುದು ಸೇಮಿಯನ್: ಗಾಲ್‌ನಿಂದ, ಅಂದರೆ ಇಂದಿನ ಫ್ರಾನ್ಸ್ ಸೀಮೆಯಿಂದ ಬರುತ್ತಿದ್ದ, ಒಳಗೂ ಹೊರಗೂ ಹೊಳೆಯುವ ಕೆಂಪು ಪಾತ್ರೆ. ಒಳಮೈಯಲ್ಲಿ ಚೂಪು ಕಲ್ಲುಹರಳು ಅಂಟಿಸಿದ ದಪ್ಪ ಅಂಚಿನ ಬೋಗುಣಿ ಮಾರ್ಟೇರಿಯಮ್. ಒರಳಿನ ಕೆಲಸ ಮಾಡುತ್ತಿತ್ತು. ತೂತುತೂತಾದ ಬೂದುಗಪ್ಪು ಕಲ್ಲಿನ ಚಪ್ಪಟೆ ತುಂಡು ಜರ್ಮನಿಯ ಲಾವಾ ಕಲ್ಲಿನ ಬೀಸುಕಲ್ಲಿನದಾಗಿರಬಹುದು. ಸಮುದ್ರದಿಂದ ದೂರದ ಹೊಲದಲ್ಲಿ ಆಯ್ಸ್ಟರ್ ಚಿಪ್ಪು ರಾಶಿಯಾಗಿ ಕಂಡರೂ ಬರೆದುಕೊಳ್ಳಿ, ರೋಮನ್ನರಿಗೆ ಅದು ಬಹಳ ಇಷ್ಟ. ಆದರೆ ವಿಕ್ಟೋರಿಯಾ ಕಾಲದವರಿಗೂ ಇಷ್ಟವೇ ಆಗಿದ್ದರಿಂದ ಚಿಪ್ಪೊಂದೇ ಸಾಕ್ಷಿಯಾಗದು.

ಹೆಂಚಿನ ಮೇಲೆ ಅಚ್ಚು ಒತ್ತಿದ್ದರೆ ಅದು ದೊಡ್ಡ ಸುಳಿವು. ಚೆಸ್ಟರ್ ಸುತ್ತ ಇಪ್ಪತ್ತನೆಯ ಸೇನಾದಳದ ಅಚ್ಚು, ಕೇರ್ಲಿಯನ್ ಸುತ್ತ ಎರಡನೆಯ ಅಗಸ್ಟನ್ ದಳದ್ದು, ಡೋವರ್ ಕಡೆ ಬ್ರಿಟನ್ ನೌಕಾದಳದ್ದು. ಅಕ್ಷರದ ಮೇಲಿನ ಮಣ್ಣನ್ನು ಉಗುರಿನಿಂದ ಕೆರೆಯಬೇಡಿ, ಫೋಟೋ ಸಾಕು.

ಯಾವುದರಿಂದ ಹೆಚ್ಚಾಗಿ ಮೋಸ ಹೋಗುತ್ತೇವೆ?

ಹೊಲದ ನೀರು ಬಸಿಯಲು 18, 19ನೆಯ ಶತಮಾನಗಳಲ್ಲಿ ಹೂತ ಮಣ್ಣಿನ ಕೊಳವೆಗಳಿಂದ. ಅರ್ಧ ವೃತ್ತದ ಹಳೆ ಬಗೆಯವಂತೂ ಇಂಬ್ರೆಕ್ಸ್‌ನಂತೆಯೇ ಕಾಣುತ್ತವೆ. ಮೈ ತೀರ ನಯವಾಗಿದ್ದು ದಪ್ಪ ಎಲ್ಲ ಕಡೆ ಒಂದೇ ಸಮ ಇದ್ದರೆ ಅನುಮಾನಿಸಿ. ಹೂಕುಂಡದ ಚೂರು, ಕಮ್ಮಾರಸಾಲೆಯ ಕಿಟ್ಟ, ಬಿಳಿ ಮಣ್ಣಿನ ಚಿಲುಮೆ ಕೊಳವೆ ಕೂಡ ಇದೇ ಸಾಲಿನವು.

ಚರ್ಚಿನ ಗೋಡೆಯಲ್ಲಿ ರೋಮನ್ ಇಟ್ಟಿಗೆ ಕಂಡರೆ ಇಟ್ಟಿಗೆ ನಿಜ, ಜಾಗ ಬೇರೆ ಇರಬಹುದು. ಸೇಂಟ್ ಆಲ್ಬನ್ಸ್‌ನ ಗೋಪುರ ಪಕ್ಕದ ವೆರುಲೇಮಿಯಮ್ ಇಟ್ಟಿಗೆಯದೇ. ಇನ್ನೂ ವಿಚಿತ್ರವಾದದ್ದು ಸರ್ರೆಯ ವರ್ಜೀನಿಯಾ ವಾಟರ್ ಕೆರೆದಂಡೆಯ ಕಂಬಸಾಲು. ಕಂಬಗಳು ಅಪ್ಪಟ ರೋಮನ್. ಆದರೆ ಲಿಬಿಯಾದ ಲೆಪ್ಟಿಸ್ ಮ್ಯಾಗ್ನಾದಿಂದ ಹಡಗಿನಲ್ಲಿ ತಂದು 1820ರ ದಶಕದಲ್ಲಿ ಅರಸರ ಉದ್ಯಾನದ ಶೋಭೆಗೆಂದು ನಿಲ್ಲಿಸಿದವು.

ನೇರವಾದ ದಾರಿಯೆಲ್ಲ ರೋಮನ್ ದಾರಿಯಲ್ಲ. ಯಾರ್ಕ್‌ಶೈರ್‌ನ ವೀಲ್‌ಡೇಲ್ ಮೂರ್ ಮೇಲಿನ ಕಲ್ಲುಹಾದಿಯನ್ನು ಎಷ್ಟೋ ಕಾಲ ರೋಮನ್ ರಸ್ತೆ ಎಂದೇ ನಂಬಿದ್ದರು, ಈಗ ವಿದ್ವಾಂಸರಲ್ಲಿ ಒಮ್ಮತವಿಲ್ಲ. ರೋಮನ್ ರಸ್ತೆಗಳಿಗೆ ಸಾಮಾನ್ಯವಾಗಿ ನಡು ಉಬ್ಬಿದ ಏರಿ ಇರುತ್ತದೆ, ಎರಡೂ ಕಡೆ ಚರಂಡಿಯ ತಗ್ಗು ಕಾಣುತ್ತದೆ. ಇಡೀ ಹೊಲ ಅಲೆಅಲೆಯಾಗಿ ಸಮಾನಾಂತರ ದಿಣ್ಣೆಗಳಿದ್ದರೆ ಅದು ಮಧ್ಯಯುಗದ ಉಳುಮೆಯ ಗುರುತು.

ವಸ್ತು ಏನೂ ಇಲ್ಲ, ಹುಲ್ಲಿನಲ್ಲಿ ಚೌಕದ ಗೆರೆ ಮಾತ್ರ ಕಾಣುತ್ತಿದೆ. ಅದೂ ಲೆಕ್ಕಕ್ಕೆ ಬರುತ್ತದೆಯೇ?

ಬರುತ್ತದೆ, ಕೆಲವೊಮ್ಮೆ ವಸ್ತುವಿಗಿಂತ ಹೆಚ್ಚು. ನೆಲದಡಿ ಗೋಡೆ ಇದ್ದರೆ ಅದರ ಮೇಲೆ ಮಣ್ಣು ತೆಳು, ಬೇರಿಗೆ ನೀರು ಸಾಲದು. ಪೈರು ಗಿಡ್ಡವಾಗಿ ಬೇಗ ಹಳದಿಯಾಗುತ್ತದೆ. ಹೂತ ಕಂದಕವಿದ್ದರೆ ತಿರುಗುಮುರುಗು: ಮಣ್ಣು ಆಳ, ತೇವ ಹೆಚ್ಚು, ಪೈರು ಎತ್ತರ ಮತ್ತು ಕಡುಹಸಿರು. ಬಾರ್ಲಿ, ಗೋಧಿ ಹೊಲಗಳಲ್ಲಿ ಮೇ ಕೊನೆಯಿಂದ ಜುಲೈವರೆಗೆ ಇದು ಚೆನ್ನಾಗಿ ಕಾಣುತ್ತದೆ. 2018ರ ಬರಬೇಸಿಗೆಯಲ್ಲಿ ಬ್ರಿಟನ್ನಿನ ಉದ್ದಗಲಕ್ಕೂ ಇಂಥ ಗುರುತುಗಳು ಎದ್ದುಬಂದವು. ಒಂದು ಒಳ್ಳೆಯ ಮಳೆ ಬಿದ್ದರೆ ಅಳಿಸಿಹೋಗುವುದರಿಂದ ಅಂದೇ ಫೋಟೋ ತೆಗೆಯಿರಿ, ಎದುರಿನ ದಿಣ್ಣೆ ಹತ್ತಿ ಮೇಲಿನಿಂದ ತೆಗೆದರೆ ಒಳ್ಳೆಯದು.

ಇದು ಮೊದಲೇ ಗೊತ್ತಿರುವ ಜಾಗವೋ ಹೊಸದೋ, ನೋಡುವುದು ಹೇಗೆ?

1:25,000 ಅಳತೆಯ ಆರ್ಡ್ನೆನ್ಸ್ ಸರ್ವೆ ನಕ್ಷೆ ಬಿಡಿಸಿ. ಅದರಲ್ಲಿ ರೋಮನ್ ಕುರುಹುಗಳ ಹೆಸರು ಒಂದು ಬಗೆಯ ಅಕ್ಷರದಲ್ಲಿ, ಉಳಿದ ಪ್ರಾಚೀನ ಕುರುಹುಗಳ ಹೆಸರು ಹಳೆಯ ಗೋಥಿಕ್ ಅಕ್ಷರದಲ್ಲಿ ಇರುತ್ತದೆ. ಇಂಗ್ಲೆಂಡಿಗೆ ಹೆರಿಟೇಜ್ ಗೇಟ್‌ವೇ, ವೇಲ್ಸ್‌ಗೆ ಆರ್ಖ್ವಿಲಿಯೊ ಜಾಲತಾಣಗಳಲ್ಲಿ ಆ ಊರಿನ ದಾಖಲೆ ಹುಡುಕಬಹುದು. ಇಂಗ್ಲೆಂಡಿನ ಪರಿಸರ ಇಲಾಖೆಯ ಲೈಡಾರ್ (ವಿಮಾನದಿಂದ ಲೇಸರ್ ಹಾಯಿಸಿ ನೆಲ ಅಳೆದ) ನಕ್ಷೆಗಳೂ ಪುಕ್ಕಟೆ. ಮರದ ಕೆಳಗಿನ ನೆಲದ ಏರಿಳಿತ ಅವುಗಳಲ್ಲಿ ಬೋಳಾಗಿ ಕಾಣುತ್ತದೆ. ಊರಹೆಸರಿನ ಕೊನೆಗೆ ಚೆಸ್ಟರ್, ಕ್ಯಾಸ್ಟರ್, ಸೆಸ್ಟರ್ ಇದ್ದರೆ, ವೇಲ್ಸ್‌ನಲ್ಲಿ ಹೆಸರು ಕೇರ್ ಎಂದು ಶುರುವಾದರೆ ಹಳೆಯ ಕೋಟೆಯ ನೆನಪು ಇರಬಹುದು.

ದಾಖಲೆಯಲ್ಲಿ ಇದ್ದರೂ ತಿಳಿಸಿ. "ಗೊತ್ತಿರುವ ಜಾಗ, ಆದರೆ ಈ ವರ್ಷ ನೇಗಿಲು ಮೊಸಾಯಿಕ್ ತುಂಡು ಕೀಳುತ್ತಿದೆ" ಎಂಬುದು ಹೊಸ ಸುದ್ದಿಯೇ.

ಯಾರಿಗೆ ತಿಳಿಸಬೇಕು? ಏನೆಂದು ಬರೆಯಲಿ?

ಕೈಗೆ ಎತ್ತಬಹುದಾದ ವಸ್ತುವಾದರೆ ಆ ಕೌಂಟಿಯಲ್ಲಿ ಸಿಕ್ಕ ವಸ್ತುಗಳನ್ನು ದಾಖಲಿಸುವ ಫೈಂಡ್ಸ್ ಲಿಯೇಸನ್ ಆಫೀಸರ್‌ಗೆ. ಇವರು ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್ ಎಂಬ ಯೋಜನೆಯವರು, 1997ರಿಂದ ಇದ್ದಾರೆ. ಇಂಗ್ಲೆಂಡಿನಲ್ಲಿ ಬ್ರಿಟಿಷ್ ಮ್ಯೂಸಿಯಂ, ವೇಲ್ಸ್‌ನಲ್ಲಿ ರಾಷ್ಟ್ರೀಯ ಮ್ಯೂಸಿಯಂ ನಡೆಸುತ್ತದೆ. ಗುರುತು ಹಿಡಿದು ಹೇಳಲು ದುಡ್ಡಿಲ್ಲ. ಗೋಡೆ, ನೆಲ, ಪೈರಿನ ಗೆರೆ ಇಂಥವಾದರೆ ಕೌಂಟಿ ಕೌನ್ಸಿಲ್‌ನಲ್ಲಿ ಹಳೆಯ ಕುರುಹುಗಳ ದಾಖಲೆಯಾದ ಹಿಸ್ಟಾರಿಕ್ ಎನ್ವಿರಾನ್‌ಮೆಂಟ್ ರೆಕಾರ್ಡ್ ನೋಡಿಕೊಳ್ಳುವವರಿಗೆ. ಗೊಂದಲವಾದರೆ ಇಬ್ಬರಿಗೂ ಒಂದೇ ಇಮೇಲ್ ಕಳಿಸಿ.

ಇಮೇಲ್ ಚಿಕ್ಕದಿರಲಿ: ತಾರೀಕು, ಗ್ರಿಡ್ ಸಂಖ್ಯೆ, ಹತ್ತಿರದ ಊರು, ನೆಲದ ಸ್ಥಿತಿ (ಉತ್ತದ್ದೋ, ಹುಲ್ಲುಗಾವಲೋ, ಹೊಳೆದಂಡೆ ಕುಸಿದದ್ದೋ, ಬುಡ ಕಿತ್ತ ಮರದ ಗುಂಡಿಯೋ), ಏನು ಕಂಡಿತು, ಎಷ್ಟು ಜಾಗದಲ್ಲಿ ಚೆಲ್ಲಿದೆ, ಮುಟ್ಟಿದ್ದೀರೋ ಇಲ್ಲವೋ, ಜಮೀನಿನವರು ಯಾರೆಂದು ಗೊತ್ತೇ. ಫೋಟೋಗಳನ್ನು ಕುಗ್ಗಿಸದೆ ಲಗತ್ತಿಸಿ. "ರೋಮನ್ ವಿಲ್ಲಾ ಸಿಕ್ಕಿದೆ" ಎಂದು ತೀರ್ಪು ಬರೆಯುವುದಕ್ಕಿಂತ "ಎದ್ದ ಅಂಚಿನ ಕೆಂಪು ಹೆಂಚು ಹನ್ನೆರಡು ಚೂರು, ಐದು ಮೀಟರ್ ಸುತ್ತಳತೆಯಲ್ಲಿ" ಎಂದು ಬರೆದರೆ ಅವರಿಗೆ ಹೆಚ್ಚು ಉಪಯೋಗ. ಸಾಮಾನ್ಯವಾಗಿ ಇಡೀ ಕೌಂಟಿಗೆ ಒಬ್ಬರೇ ಅಧಿಕಾರಿ. ಉತ್ತರಕ್ಕೆ ಕೆಲವು ವಾರ ಹಿಡಿದರೆ ಅಸಡ್ಡೆ ಎಂದುಕೊಳ್ಳಬೇಡಿ.

ಕಾನೂನಿನ ಕಣ್ಣಿನಲ್ಲಿ ಯಾವುದು "ಟ್ರೆಷರ್"?

1996ರ ಟ್ರೆಷರ್ ಆಕ್ಟ್ ಪ್ರಕಾರ, 300 ವರ್ಷಕ್ಕಿಂತ ಹಳೆಯ, ತೂಕದಲ್ಲಿ ಶೇ. 10ರಷ್ಟಾದರೂ ಚಿನ್ನ ಅಥವಾ ಬೆಳ್ಳಿ ಇರುವ ವಸ್ತು. ನಾಣ್ಯಕ್ಕೆ ಲೆಕ್ಕ ಬೇರೆ: ಚಿನ್ನ ಬೆಳ್ಳಿಯವು ಒಂದೇ ಕಡೆ ಎರಡಾದರೂ ಇರಬೇಕು, ತಾಮ್ರ ಕಂಚಿನವಾದರೆ ಹತ್ತು. ಅವುಗಳ ಜೊತೆ ಸಿಕ್ಕ ಮಡಕೆಯೂ ಟ್ರೆಷರ್ ಆಗುತ್ತದೆ. 2023ರ ಜುಲೈ ಕೊನೆಯಿಂದ ಇನ್ನೊಂದು ವರ್ಗ ಸೇರಿದೆ: 200 ವರ್ಷಕ್ಕಿಂತ ಹಳೆಯ, ಲೋಹ ಇರುವ, ಚರಿತ್ರೆಗೆ ಅಸಾಧಾರಣ ಮಹತ್ವದ ವಸ್ತು. ಒಂಟಿ ನಾಣ್ಯ, ಹೆಂಚು, ಮೊಸಾಯಿಕ್ ತುಂಡು ಸಾಮಾನ್ಯವಾಗಿ ಟ್ರೆಷರ್ ಅಲ್ಲ.

ಟ್ರೆಷರ್ ಎಂದು ತಿಳಿದ ದಿನದಿಂದ 14 ದಿನದೊಳಗೆ ಆ ಜಿಲ್ಲೆಯ, ಟ್ರೆಷರ್ ವಿಚಾರಣೆ ನಡೆಸುವ ಅಧಿಕಾರಿಯಾದ ಕೊರೊನರ್‌ಗೆ ತಿಳಿಸಬೇಕು. ಫೈಂಡ್ಸ್ ಲಿಯೇಸನ್ ಆಫೀಸರ್ ಮೂಲಕ ತಿಳಿಸುವುದೇ ರೂಢಿ. ಮುಚ್ಚಿಟ್ಟರೆ ದಂಡ, ಮೂರು ತಿಂಗಳವರೆಗೆ ಸೆರೆ, ಅಥವಾ ಎರಡೂ.

ಹಾಗಾದರೆ ಸಿಕ್ಕಿದ್ದು ಯಾರದು? ನನಗೇನಾದರೂ ಸಿಗುತ್ತದೆಯೇ?

ಟ್ರೆಷರ್ ಅಲ್ಲದ ವಸ್ತು ಸಾಮಾನ್ಯವಾಗಿ ಜಮೀನಿನ ಒಡೆಯರದ್ದು. ಸಾರ್ವಜನಿಕ ಕಾಲುದಾರಿ ಎಂದರೆ ಹಾದುಹೋಗುವ ಹಕ್ಕು ಮಾತ್ರ, ಅಲ್ಲಿ ಬಿದ್ದದ್ದನ್ನು ಒಯ್ಯುವ ಹಕ್ಕಲ್ಲ. ಟ್ರೆಷರ್ ಆದರೆ, ಮ್ಯೂಸಿಯಂ ಒಂದು ಕೊಳ್ಳಲು ಮುಂದೆ ಬಂದಾಗ ಸಮಿತಿಯೊಂದು ಬೆಲೆ ಕಟ್ಟುತ್ತದೆ. ಆ ಹಣವನ್ನು ಸಾಮಾನ್ಯವಾಗಿ ಸಿಕ್ಕವರಿಗೂ ಜಮೀನಿನವರಿಗೂ ಅರ್ಧರ್ಧ ಹಂಚುತ್ತಾರೆ. ಅಪ್ಪಣೆಯಿಲ್ಲದೆ ಬೇಲಿ ಹಾರಿದವರಿಗೆ ಪಾಲು ಕಡಿಮೆಯಾಗಬಹುದು, ಇಲ್ಲವೇ ಸಿಗದೇ ಹೋಗಬಹುದು.

ಸ್ಕಾಟ್ಲೆಂಡಿನಲ್ಲಿ?

ಪೂರಾ ಬೇರೆ. ಅಲ್ಲಿ ಲೋಹ ಯಾವುದು, ಎಷ್ಟು ಎಂಬ ಲೆಕ್ಕವೇ ಇಲ್ಲ. ಸಿಕ್ಕ ಪುರಾತನ ವಸ್ತು ಯಾವುದಾದರೂ ಅದಕ್ಕೆ ಹಕ್ಕುದಾರ ರಾಜಪ್ರಭುತ್ವ, ಎಡಿನ್‌ಬರೋದ ಟ್ರೆಷರ್ ಟ್ರೋವ್ ಯೂನಿಟ್‌ಗೆ ತಿಳಿಸಬೇಕು. ಬಹುಮಾನ ಬಂದರೆ ಸಿಕ್ಕವರಿಗೆ, ಜಮೀನಿನವರಿಗೆ ಪಾಲಿಲ್ಲ. ಅಲ್ಲಿನ ರೋಮನ್ ಗಡಿಗೋಡೆಯಾದ ಆಂಟನೈನ್ ಗೋಡೆಯ ಗುಂಟ ನಡೆಯುವವರು ಇದನ್ನು ನೆನಪಿಡಬೇಕು.

ಲೋಹಶೋಧಕ ತಂದು ಇನ್ನಷ್ಟು ಹುಡುಕಬಹುದೇ?

ಜಮೀನಿನವರ ಬರವಣಿಗೆಯ ಒಪ್ಪಿಗೆ ಇಲ್ಲದೆ ಎಲ್ಲೂ ಬೇಡ. ಸರ್ಕಾರ ರಕ್ಷಿತ ಸ್ಮಾರಕವೆಂದು ಪಟ್ಟಿ ಮಾಡಿದ ಜಾಗದಲ್ಲಿ ಜಮೀನಿನವರು ಒಪ್ಪಿದರೂ ಸಾಲದು. ಸರ್ಕಾರದ ಲೈಸೆನ್ಸ್ ಇಲ್ಲದೆ ಲೋಹಶೋಧಕ ಬಳಸುವುದೇ ಅಪರಾಧ. ರಕ್ಷಿತ ಜಾಗವೆಂದು ಅಲ್ಲಿ ಬೋರ್ಡು ಇರಲೇಬೇಕೆಂದಿಲ್ಲ, ಬರೀ ಹುಲ್ಲುಗಾವಲಾಗಿರಬಹುದು. ಇಂಗ್ಲೆಂಡಿನ ಪಟ್ಟಿ ಹಿಸ್ಟಾರಿಕ್ ಇಂಗ್ಲೆಂಡ್ ಜಾಲತಾಣದಲ್ಲಿ ನಕ್ಷೆಯ ಮೇಲೆ ಸಿಗುತ್ತದೆ, ವೇಲ್ಸ್‌ನದು ಕಾಡ್ವ್ ಸಂಸ್ಥೆಯ ತಾಣದಲ್ಲಿ.

ನಾರ್ತಂಬರ್ಲೆಂಡಿನ ಎಪಿಯಾಕಮ್ ಕೋಟೆಯಲ್ಲಿ ಅಗೆಯುವಂತಿಲ್ಲ. ಆದರೆ ಮೋಲ್ ಎಂಬ ನೆಲದಡಿಯ ಪ್ರಾಣಿ ಬಿಲ ತೋಡಿ ಮಣ್ಣು ಮೇಲೆ ಹಾಕುತ್ತಲೇ ಇರುತ್ತದೆ. ಅಲ್ಲಿನ ಸ್ವಯಂಸೇವಕರು ಅಪ್ಪಣೆ ಪಡೆದು ಆ ಗುಪ್ಪೆಗಳನ್ನು ಜರಡಿ ಹಿಡಿದು, ಯಾವ ಗುಪ್ಪೆಯಲ್ಲಿ ಏನು ಸಿಕ್ಕಿತು ಎಂದು ಬರೆದಿಟ್ಟರು. ತಾಳ್ಮೆಯ ಕೆಲಸ, ಮಾಡುವ ಸರಿಯಾದ ದಾರಿ ಅದೇ.

ಆಗಲೇ ಎತ್ತಿಕೊಂಡು ಬಂದುಬಿಟ್ಟಿದ್ದೇನೆ. ಈಗ?

ಗಾಬರಿ ಬೇಡ. ಜಾಗ ನೆನಪಿರುವಾಗಲೇ ನಕ್ಷೆಯಲ್ಲಿ ಗುರುತಿಸಿ, ನಿಮಗೆ ಎಷ್ಟು ಖಾತ್ರಿ ಎಂದೂ ಬರೆಯಿರಿ. ಅಧಿಕಾರಿಗೆ ಸತ್ಯ ಹೇಳಿ.

ತೊಳೆಯಬೇಡಿ. ವಿನೆಗರ್, ಹುಣಸೆಹುಳಿ, ನಿಂಬೆ, ಪೀತಾಂಬರಿ, ಟೂತ್‌ಪೇಸ್ಟ್, ತಂತಿ ಬ್ರಷ್ ಯಾವುದೂ ಬೇಡ. ದೇವರ ಪಾತ್ರೆ ಬೆಳಗಿ ರೂಢಿಯಾದ ಕೈಗೆ ಇದು ಕಷ್ಟ, ಆದರೆ ಕಂಚಿನ ನಾಣ್ಯದ ಅಕ್ಷರ ಎಷ್ಟೋ ಸಲ ಉಳಿದಿರುವುದು ಲೋಹದಲ್ಲಲ್ಲ, ಅದರ ಮೇಲಿನ ಹಸಿರು ಪದರದಲ್ಲಿ. ಹುಳಿ ತಾಗಿದರೆ ಪದರವೂ ಹೋಯಿತು, ಅಕ್ಷರವೂ ಹೋಯಿತು. ಕಂಚಿನ ಮೇಲೆ ತಿಳಿಹಸಿರು ಹಿಟ್ಟು ಉದುರತೊಡಗಿದರೆ ಅದು ತೇವದಲ್ಲಿ ಹಬ್ಬುವ ಕೊಳೆತ; ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಬೇಗ ತಲುಪಿಸಿ. ಕಬ್ಬಿಣಕ್ಕೂ ಒಣ ಡಬ್ಬಿಯೇ.

ನೀರು ನಿಂತ ಕೆಸರಿನಿಂದ ಬಂದ ಮರ, ಚರ್ಮವಾದರೆ ತದ್ವಿರುದ್ಧ: ಒಣಗಲು ಬಿಟ್ಟರೆ ಸುಕ್ಕಿ ಸೀಳುತ್ತದೆ. ಅದೇ ಜಾಗದ ನೀರಿನಲ್ಲಿ ನೆನೆಸಿ, ಮುಚ್ಚಿ, ತಂಪಿನಲ್ಲಿಡಿ. ಮಡಕೆ ಚೂರನ್ನು ನೆರಳಿನಲ್ಲಿ ನಿಧಾನ ಒಣಗಿಸಿ. ಬಣ್ಣದ ಗಾರೆಗೆ ಬ್ರಷ್ ತಾಗಿಸಲೇಬೇಡಿ. ಹತ್ತಿಯಲ್ಲಿ ಸುತ್ತಿದರೆ ತುಕ್ಕಿಗೆ ಎಳೆ ಸಿಕ್ಕಿ ಪದರ ಕಿತ್ತು ಬರುತ್ತದೆ, ಮೆತ್ತನೆಯ ಬಿಳಿ ಟಿಶ್ಯೂ ಕಾಗದ ಬಳಸಿ. ಸೀಸದ ವಸ್ತುವನ್ನು ಮರದ ಡ್ರಾಯರ್‌ನಲ್ಲೋ ರಟ್ಟಿನ ಪೆಟ್ಟಿಗೆಯಲ್ಲೋ ಇಡಬೇಡಿ, ಅವುಗಳಿಂದ ಏಳುವ ಆಮ್ಲದ ಆವಿಗೆ ಸೀಸ ಬಿಳಿ ಪುಡಿಯಾಗುತ್ತದೆ. ಪ್ರತಿ ಪೊಟ್ಟಣದ ಮೇಲೂ ಗ್ರಿಡ್ ಸಂಖ್ಯೆ ಮತ್ತು ತಾರೀಕು.

ಮೂಳೆ ಕಂಡರೆ?

ದೂರ ಸರಿದು 101ಕ್ಕೆ ಫೋನ್ ಮಾಡಿ ಪೊಲೀಸರಿಗೆ ತಿಳಿಸಿ. ಎಷ್ಟು ಹಳೆಯದು ಎಂದು ನಿರ್ಧರಿಸುವುದು ನಿಮ್ಮ ಕೆಲಸವಲ್ಲ. ಹಳೆಯದೇ ಆದರೂ ಮನುಷ್ಯರ ಅವಶೇಷವನ್ನು ಎತ್ತಲು ಲೈಸೆನ್ಸ್ ಬೇಕು.

ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಹಾಕಬಹುದೇ?

ಅಧಿಕಾರಿ ನೋಡಿ ಆದ ಮೇಲೆ, ಜಾಗದ ಗುರುತಿಲ್ಲದೆ. ರಾತ್ರಿ ಹೊತ್ತು ಕದ್ದು ಅಗೆಯುವವರು ಅಲ್ಲಿ ಇದ್ದಾರೆ. ಅವರನ್ನು ಕರೆಯುವ ಹೆಸರೇ ನೈಟ್‌ಹಾಕ್. ಹಿನ್ನೆಲೆಯ ಚರ್ಚಿನ ಗೋಪುರವೊಂದೇ ಸಾಕು, ಅವರಿಗೆ ಜಾಗ ಹುಡುಕಲು. ಪೋರ್ಟಬಲ್ ಆಂಟಿಕ್ವಿಟೀಸ್ ಯೋಜನೆಯ ಸಾರ್ವಜನಿಕ ದಾಖಲೆಯಲ್ಲೂ ನಿಖರ ಜಾಗ ತೋರಿಸುವುದಿಲ್ಲ, ಹೆಚ್ಚೆಂದರೆ ಒಂದು ಕಿಲೋಮೀಟರ್‌ನ ಚೌಕ.

ರೈತರು ಸಿಟ್ಟಾದರೆ ಏನು ಹೇಳಲಿ?

ಅವರ ಭಯ ಸಹಜ: ಸರ್ಕಾರ ಹೊಲ ಕಟ್ಟಿಹಾಕುತ್ತದೆ, ಜನ ನುಗ್ಗುತ್ತಾರೆ ಎಂದು. ದಾಖಲಾದ ಜಾಗವೆಲ್ಲ ತಾನಾಗಿ ರಕ್ಷಿತ ಸ್ಮಾರಕವಾಗುವುದಿಲ್ಲ ಎಂದು ತಿಳಿಸಿ. ರಟ್‌ಲಂಡ್‌ನ ಆ ಮೊಸಾಯಿಕ್ ಸಿಕ್ಕ ವಿಲ್ಲಾ (ರೋಮನ್ ಕಾಲದ ಹಳ್ಳಿಮನೆ) 2021ರಲ್ಲಿ ರಕ್ಷಿತವಾಯಿತು, ಆದರೆ ಮೊಸಾಯಿಕ್ ಅನ್ನು ಮತ್ತೆ ಮಣ್ಣು ಮುಚ್ಚಿ ಉಳಿಸಿದ್ದಾರೆ, ಅದು ಈಗಲೂ ಖಾಸಗಿ ಜಮೀನೇ. ಮನೆಯ ಬಾಗಿಲಿಗೆ ಹೋಗಿ, ಫೋಟೋ ತೋರಿಸಿ, ಮೊದಲು ಅವರಿಗೇ ಹೇಳುವುದು ಒಳ್ಳೆಯ ನಡತೆ. ಕುರಿ ಮರಿ ಹಾಕುವ ವಸಂತಕಾಲದಲ್ಲಿ ನಾಯಿಯನ್ನು ಜೊತೆಗೆ ಒಯ್ಯಬೇಡಿ.

ಹೇಡ್ರಿಯನ್ ಗೋಡೆಯ ದಾರಿಯಲ್ಲಿ ಬೇರೆ ಎಚ್ಚರ ಬೇಕೇ?

ಬೇಕು. ಉತ್ತರ ಇಂಗ್ಲೆಂಡಿನಲ್ಲಿ ರೋಮನ್ ಗಡಿಯಾಗಿ ಕ್ರಿ.ಶ. 122ರಲ್ಲಿ ಕಟ್ಟಲು ತೊಡಗಿದ ಈ ಗೋಡೆಯ ಗುಂಟ 84 ಮೈಲಿ, ಸುಮಾರು 135 ಕಿ.ಮೀ., ಕಾಲುದಾರಿ ಇದೆ. ಗೋಡೆಯ ಮೇಲೆ ಹತ್ತಬೇಡಿ. ಚಳಿಗಾಲದಲ್ಲಿ ನೆಲ ನೆನೆದಾಗ ಎಲ್ಲರೂ ಒಂದೇ ಗೆರೆಯಲ್ಲಿ ತುಳಿದರೆ ಹುಲ್ಲು ಸವೆದು ಕೆಳಗಿನ ಕುರುಹು ತೆರೆದುಕೊಳ್ಳುತ್ತದೆ, ಆದ್ದರಿಂದ ಬೇಸಿಗೆಯಲ್ಲಿ, ಅಕ್ಕಪಕ್ಕ ಹರಡಿಕೊಂಡು ನಡೆಯಿರಿ. ದಾರಿಯ ಹತ್ತಿರದ ವಿಂಡೋಲಾಂಡ ಕೋಟೆಯ ಮ್ಯೂಸಿಯಂಗೆ ಹೋಗದೆ ಬರಬೇಡಿ. ಅಲ್ಲಿ ನೆಲದಲ್ಲಿ ಸಿಕ್ಕ ತೆಳು ಮರದ ಹಲಗೆಗಳ ಮೇಲಿನ ಶಾಯಿ ಲೆಕ್ಕವೊಂದರಲ್ಲಿ ಎರಡು ದಿನಾರಿಗಳ ಮೆಣಸಿನ ಬಾಬತ್ತೂ ಇದೆ.

ಒಂದು ಚೂರು ನೆನಪಿಗೆಂದು ಊರಿಗೆ ತರಬಹುದೇ?

ಬೇಡ. ಬ್ರಿಟನ್ನಿನ ನೆಲದಲ್ಲಿ ಸಿಕ್ಕ ಪುರಾತನ ವಸ್ತುವನ್ನು ದೇಶದ ಹೊರಗೆ ಒಯ್ಯಲು, ಬೆಲೆ ಎಷ್ಟೇ ಕಡಿಮೆಯಿರಲಿ, ರಫ್ತು ಲೈಸೆನ್ಸ್ ಬೇಕು. ಜಮೀನಿನವರು ಪ್ರೀತಿಯಿಂದ ಕೊಟ್ಟರೂ ಅಷ್ಟೇ. ಸೂಟ್‌ಕೇಸಿನ ಮೂಲೆಯಲ್ಲಿ ಹೆಂಚಿನ ಚೂರು ಇಡುವ ಮುಂಚೆ ಇದು ಗೊತ್ತಿರಲಿ.

ಇಟಲಿಯಲ್ಲಿ ನಡೆಯುವಾಗ ಕಂಡರೆ?

ಅಲ್ಲಿ ನೆಲದಡಿಯ ಪುರಾತನ ವಸ್ತುವೆಲ್ಲ ಸರ್ಕಾರದ್ದು. ಅಚಾನಕ್ಕಾಗಿ ಸಿಕ್ಕರೆ 24 ಗಂಟೆಯೊಳಗೆ ಪುರಾತತ್ತ್ವ ಇಲಾಖೆಗೆ, ಮೇಯರ್‌ಗೆ ಅಥವಾ ಪೊಲೀಸರಿಗೆ ತಿಳಿಸಬೇಕು. ಅಲ್ಲಿಯವರೆಗೆ ಇದ್ದಲ್ಲೇ ಇರಲಿ.

ಕರ್ನಾಟಕದಲ್ಲೇ ರೋಮನ್ ನಾಣ್ಯ ಸಿಕ್ಕರೆ?

ಸಿಗುವುದು ಅಸಾಧ್ಯವೇನಲ್ಲ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೈಲ್ವೆ ಕೆಲಸಕ್ಕೆ ಅಗೆಯುವಾಗ 163 ರೋಮನ್ ಬೆಳ್ಳಿ ನಾಣ್ಯಗಳ ಗಂಟೇ ಸಿಕ್ಕಿತ್ತು. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ಬೈಜಾಂಟಿಯಮ್ (ಪೂರ್ವ ರೋಮನ್ ಸಾಮ್ರಾಜ್ಯ) ಕಾಲದ ಚಿನ್ನದ ನಾಣ್ಯಗಳು ಸಿಕ್ಕಿವೆ. ಇಲ್ಲೂ ಅದೇ ಕ್ರಮ: ಅಗೆತ ನಿಲ್ಲಿಸಿ, ಫೋಟೋ ತೆಗೆದು, ಜಾಗ ಬರೆದುಕೊಂಡು, ಒಬ್ಬರನ್ನು ಕಾವಲಿಗೆ ನಿಲ್ಲಿಸಿ. ನಿಧಿ ಕಾಯಿದೆಯ ಪ್ರಕಾರ ನೆಲದಲ್ಲಿ ಅಡಗಿ ಸಿಕ್ಕ ಬೆಲೆಯುಳ್ಳ ವಸ್ತುವನ್ನು ಜಿಲ್ಲಾಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಬೇಕು: ಏನು, ಎಷ್ಟು, ಅಂದಾಜು ಬೆಲೆ, ಸಿಕ್ಕ ಜಾಗ, ಸಿಕ್ಕ ದಿನ. ತಹಶೀಲ್ದಾರರ ಕಚೇರಿ ಅಥವಾ ಪೊಲೀಸ್ ಠಾಣೆ ಮೂಲಕ ಹೋದರೆ ಮಹಜರು ಆಗುತ್ತದೆ. ಅದರ ಪ್ರತಿ ಕೇಳಿ ಪಡೆಯಿರಿ. ನಾಣ್ಯಗಳನ್ನು ಎಣಿಸಿ, ಎರಡೂ ಮುಖದ ಫೋಟೋ ತೆಗೆದು, ಅವು ತುಂಬಿದ್ದ ಮಡಕೆಯ ಚೂರುಗಳನ್ನೂ ಜೊತೆಗೇ ಒಪ್ಪಿಸಿ. ಒಡೆದ ಮಡಕೆಯನ್ನು ಅಲ್ಲೇ ಎಸೆದುಬಿಡುವುದು ನಮ್ಮಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಆಗುವ ತಪ್ಪು.